ಬಾತುಕೋಳಿಯ ನೀಲಿ ಕಾಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕೀಲಿಕೈ ಅಕ್ಕ ಎಂದೇ ಕರೆಯುತ್ತಿದ್ದರು. ಸೊಂಟಕ್ಕೆ ಗೊಂಚಲು ಸಿಕ್ಕಿಸಿಕೊಂಡು ಉಗ್ರಾಣ ಕಾಯುವ ಕೆಲಸವೇನೂ ಅವಳದಲ್ಲ. ಅವರು ತಯಾರಿಸುತ್ತಿದ್ದುದು ಬ್ರೌಸರ್. ಅದರಲ್ಲಿ ಯಾವ ಯಾವ ಕೀಗಳನ್ನು ಒಟ್ಟಿಗೆ ಒತ್ತಿದರೆ ಏನೇನು ಆಗಬೇಕು ಎಂಬ ಪಟ್ಟಿ ಹದಿನೇಳು ವರ್ಷಗಳಿಂದ ಅವಳ ವಶದಲ್ಲಿತ್ತು. ನೂರಾ ಹನ್ನೆರಡು ಸಾಲು. ಬೇಕಾದವರು ತಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದಿತ್ತು. ಆದರೆ ಸಾವಿರಕ್ಕೆ ಒಬ್ಬರೂ ಬದಲಾಯಿಸುವುದಿಲ್ಲ. ಇಲ್ಲಿಂದ ಏನು ಕೊಟ್ಟು ಕಳಿಸುತ್ತಾರೋ ಅದಕ್ಕೇ ಜನ ಬೆರಳು ಪಳಗಿಸಿಕೊಳ್ಳುತ್ತಾರೆ. "ಒಂದು ಸಾಲು ತೆಗೆದ್ರೆ ಬೆರಳು ಅದನ್ನ ಮರೆಯೋಕೆ ಎರಡು ವರ್ಷ ಹಿಡಿಯುತ್ತೆ, ನೋಡ್ಕೊಂಡು ಕೈ ಹಾಕಿ" ಎಂದು ಹೊಸದಾಗಿ ಸೇರಿದವರಿಗೆ ಅವಳು ಹೇಳುವುದಿತ್ತು.

ಎಂಬತ್ತೇಳನೆಯ ಸಾಲು ಅವಳೇ ಹೆತ್ತು ಸಾಕಿದ ಕೂಸು. ಕಂಟ್ರೋಲ್, ಶಿಫ್ಟ್, ಎಕ್ಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಎದುರಿಗಿದ್ದ ಪುಟ ಮಾಯವಾಗಿ, ಅದರ ಹಿಂದಿನ ಪುಟ ಏನೂ ಅರಿಯದಂತೆ ಬಂದು ಕೂರುತ್ತದೆ. ಆಫೀಸಿನಲ್ಲಿ ಅದಕ್ಕೆ ಮರೆ ಕೀ ಎಂದು ಹೆಸರು. ಎಡಗೈ ಒಂದೇ ಸಾಕು. ಕಿರುಬೆರಳು ಮೂಲೆಗೆ, ಉಂಗುರಬೆರಳು ಅದರ ಮೇಲಕ್ಕೆ, ತೋರುಬೆರಳು ಒಳಕ್ಕೆ. ಡಬ್ಬಿಯಿಂದ ಚಿಟಿಕೆ ಉಪ್ಪು ತೆಗೆಯುವಾಗ ಕೈ ಮುದುಡುತ್ತದಲ್ಲ, ಹಾಗೆ. ಎಂಬತ್ತೆಂಟನೆಯದು ಅದರ ಜೋಡಿ. ಅದೇ ಮೂರರ ಜೊತೆ ಹೆಬ್ಬೆರಳಿನಿಂದ ಆಲ್ಟ್ ಒತ್ತಿದರೆ, ಮರೆಯಾದ ಪುಟ ಇದ್ದ ಹಾಗೇ ವಾಪಸ್ ಬರುತ್ತದೆ. ಅದನ್ನು ಮೆನುವಿನಲ್ಲಿ ಎಲ್ಲೂ ತೋರಿಸಿರಲಿಲ್ಲ. ಪಟ್ಟಿಯನ್ನು ಕೊನೆಯವರೆಗೆ ಓದಿದವರಿಗೆ ಮಾತ್ರ ಅದು ಗೊತ್ತು, ಪಟ್ಟಿಯನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ.

ಬುಧವಾರ ಮಧ್ಯಾಹ್ನ ಗಡ್ಡ ಅವಳ ಮೇಜಿನ ಹತ್ತಿರ ಬಂದ. ಜನರ ದೂರುಗಳನ್ನು ಓದಿ ವಿಂಗಡಿಸುವುದು ಅವನ ಕೆಲಸ. ಗಡ್ಡ ಬೋಳಿಸಿ ಮೂರು ವರ್ಷವಾಗಿದ್ದರೂ ಹೆಸರು ಹಾಗೇ ಉಳಿದಿತ್ತು.

"ಅಕ್ಕ, ನಿಮ್ಮ ಮರೆ ಕೀ ಮೇಲೆ ಈ ತಿಂಗಳು ಇನ್ನೂರು ದೂರು. ಅರ್ಜಿ ತುಂಬ್ತಾ ಇರ್ತಾರೆ, ಕೈ ತಪ್ಪಿ ಒತ್ತಿಬಿಡ್ತಾರೆ, ಎಲ್ಲ ಹೋಯ್ತು ಅಂತ ಗೋಳು. ವಾಪಸ್ ಕೀ ಇದೆ ಅಂತ ಒಬ್ಬರಿಗೂ ಗೊತ್ತಿಲ್ಲ. ಪುಟ ಮರೆಯಾದ ಕೂಡ್ಲೆ ಕೆಳಗೆ ಒಂದು ಸೂಚನೆ ಬರ್ಲಿ. ಮುಚ್ಚಿದ ಪುಟ ಬೇಕಾ, ಇದನ್ನ ಒತ್ತಿ ಅಂತ. ಮುಗೀತಲ್ಲ."

"ನೋಡ್ತೀನಿ ತಾಳು."

"ಶುಕ್ರವಾರ ಮೀಟಿಂಗು. ಅಷ್ಟರಲ್ಲಿ ನೀವು ಹೂಂ ಅಂದ್ಬಿಟ್ರೆ ನನ್ನ ಕಣ್ಣಿಗೆ ಸ್ವಲ್ಪ ಬಿಡುವು ಸಿಗುತ್ತೆ."

ಹೂಂ ಅನ್ನಲು ಅವಳಿಗೂ ಅಡ್ಡಿ ಕಾಣಲಿಲ್ಲ. ಮನೆಯಲ್ಲಿ ಕೂತು ಒಂದು ಸಲ ಯೋಚಿಸಿ ಬಿಡೋಣವೆಂದು ಎರಡು ಗಂಟೆ ಮೊದಲೇ ಹೊರಟಳು.

ಊಟದ ಮೇಜಿನ ಮೇಲೆ ಸೊಸೆಯ ಕಂಪ್ಯೂಟರು ಇರುತ್ತಿತ್ತು. ಶಾಲೆಯ ಪುಸ್ತಕಗಳ ಕರಡು ತಿದ್ದುವುದು ಸೊಸೆಯ ಕೆಲಸ, ಮನೆಯಿಂದಲೇ. ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಸೊಸೆ ಬೆನ್ನು ಈ ಕಡೆ ಮಾಡಿ ಕೂತಿದ್ದಳು. ಬಾಗಿಲ ಸದ್ದಿಗೆ ತಲೆ ಈ ಕಡೆ ತಿರುಗುವ ಮೊದಲೇ ಎಡಗೈ ಮುದುಡಿತು.

ಚಿಟಿಕೆ ಉಪ್ಪು.

ಬೇರೆ ಯಾರಿದ್ದರೂ ಅದನ್ನು ಗಮನಿಸುತ್ತಿರಲಿಲ್ಲ. ಆದರೆ ಆ ಮೂರು ಬೆರಳುಗಳನ್ನು ಎಲ್ಲೆಲ್ಲಿ ಇಡಬೇಕೆಂದು ಕೀಬೋರ್ಡಿಗೆ ಹೊದಿಸಿದ ರಬ್ಬರ್ ಹಾಳೆಯ ಮೇಲೆ ಬಣ್ಣದ ಚುಕ್ಕಿ ಹಚ್ಚಿ ನಾಲ್ಕು ತಿಂಗಳು ತಿಣುಕಿದವಳು ಅವಳು. ತನ್ನ ಮಗನ ನಡಿಗೆ ಗುರುತಿಸುವಷ್ಟೇ ಸಲೀಸಾಗಿ ಅದನ್ನು ಗುರುತಿಸಿದಳು. ಗುರುತಿಸಿದ ಮೇಲೆ ಇನ್ನೊಂದು ವಿಷಯವೂ ತಲೆಗೆ ಬಂತು. ಈ ಕೈ ಮುದುಡುವುದನ್ನು ಅವಳು ಎಷ್ಟೋ ದಿನಗಳಿಂದ ನೋಡುತ್ತಿದ್ದಳು. ನೋಡಿಯೂ, ಕರಡಿನಲ್ಲಿ ಏನೋ ಒತ್ತುತ್ತಿದ್ದಾಳೆ ಎಂದು ಬಿಟ್ಟಿದ್ದಳು.

"ಇವತ್ತು ಬೇಗ ಬಂದ್ರಿ ಅತ್ತೆ."

"ತಲೆ ಸ್ವಲ್ಪ ಭಾರ ಇತ್ತು. ನೀನು ಕೆಲಸ ಮಾಡು."

"ಮುಗೀತಾ ಬಂತು. ಬಟ್ಟೆ ತೆಗೆದು ಬರ್ತೀನಿ, ಮೋಡ ಆಗಿದೆ."

ಸೊಸೆ ಮಹಡಿ ಹತ್ತಿದಳು. ಪರದೆಯ ಮೇಲೆ ಐದನೆಯ ತರಗತಿಯ ಗಣಿತದ ಕರಡು ಇತ್ತು. ಅವಳು ಅದರ ಮುಂದೆ ನಿಂತಳು. ಮದುವೆಯಾಗಿ ಬಂದ ಮೊದಲ ವಾರ ಸೊಸೆಗೆ ಈ ಕೀಯನ್ನೂ ಅದರ ಜೋಡಿಯನ್ನೂ ಹೇಳಿಕೊಟ್ಟವಳು ತಾನೇ. 'ಇದು ನಾನೇ ಮಾಡಿದ್ದು, ಯಾರಾದ್ರೂ ದಿಢೀರ್ ಅಂತ ಬಂದ್ರೆ ಹೀಗೆ ಒತ್ತು' ಎಂದು ಹೆಮ್ಮೆಯಿಂದ ತೋರಿಸಿದ್ದಳು. ಕೊರಿಯರಿನವನು, ಪಕ್ಕದ ಮನೆಯವರು, ಹೀಗೆ ಯಾರಾದರೂ. ಆ 'ಯಾರಾದ್ರೂ' ಒಳಗೆ ತಾನೂ ಇರಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಶುಕ್ರವಾರದ ಮೀಟಿಂಗಿಗೆ ವಾಪಸ್ ಕೀ ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ, ಎಂದುಕೊಂಡಳು. ಹೀಗೆ ಎಂದುಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಆಫೀಸಿನಲ್ಲಿ ಪರೀಕ್ಷೆ ಮಾಡಲಿಕ್ಕೆಂದೇ ಹನ್ನೊಂದು ಕಂಪ್ಯೂಟರುಗಳಿದ್ದವು. ಬೇರೆ ಮನೆ ಹುಡುಕುತ್ತಿರಬಹುದು, ಗೆಳತಿಗೆ ನನ್ನ ದೂರು ಬರೆಯುತ್ತಿರಬಹುದು ಎಂದು ಅಷ್ಟರಲ್ಲಿ ಮನಸ್ಸು ನಾಲ್ಕು ಬೀದಿ ಸುತ್ತಿ ಬಂದಿತ್ತು. ಕೈ ತಾನಾಗಿ ಮುದುಡಿತು. ಹೆಬ್ಬೆರಳೂ ಇಳಿಯಿತು.

ಬಾತುಕೋಳಿ.

ಒಂದು ಕೊಳ, ಅದರ ದಡದಲ್ಲಿ ಬಾತುಕೋಳಿ, ಹಿಂದೆ ಹುಲ್ಲು. ಬಣ್ಣ ತುಂಬುವ ಆಟ, ಮಕ್ಕಳದು. ಪಕ್ಕದಲ್ಲಿ ಬಣ್ಣಗಳ ಸಾಲು. ಕುತ್ತಿಗೆಗೆ ಹಸಿರು, ರೆಕ್ಕೆಗೆ ಮೂರು ಬಗೆಯ ಕಂದು, ಒಂದೊಂದು ಗರಿಗೂ ಬೇರೆ ಬೇರೆ. ಬಹಳ ತಾಳ್ಮೆಯಿಂದ ತುಂಬಿದ್ದಾಗಿತ್ತು. ಕಾಲು ಇನ್ನೂ ಬೆಳ್ಳಗಿದ್ದವು.

ಅವಳಿಗೆ ಮೊದಲು ಆದದ್ದು ನಿರಾಸೆ. ಅದನ್ನು ಅವಳು ಆಮೇಲೆ ಎಷ್ಟು ಸಲ ನೆನೆದರೂ ಬೇರೆ ಹೆಸರಿಟ್ಟು ಕರೆಯಲಾಗಲಿಲ್ಲ. ಇಷ್ಟೇನಾ, ಎಂದು ಒಳಗೆ ಯಾರೋ ಪೆಚ್ಚಾದರು. ಅದರ ಹಿಂದೆಯೇ ಕಿವಿ ಬಿಸಿಯಾಯಿತು. ಒಬ್ಬ ಹೆಂಗಸು ನಾಲ್ಕು ಗಂಟೆಯ ಹೊತ್ತಿಗೆ ಕೆಲಸ ಮುಗಿಸಿ ಒಂದು ಬಾತುಕೋಳಿಗೆ ಬಣ್ಣ ಹಚ್ಚುತ್ತಾಳೆ, ಅದನ್ನು ಕದ್ದ ಮಾಲಿನ ಹಾಗೆ ಮುಚ್ಚಿಡುತ್ತಾಳೆ. ಯಾರಿಂದ?

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬೆಚ್ಚಿದ ಅವಳ ಅಂಗೈ ಮೌಸಿಗೆ ತಗುಲಿ, ಎಲ್ಲೋ ಒತ್ತಿಹೋಯಿತು. ಬಾತುಕೋಳಿಯ ಎಡಗಾಲು ತೊಡೆಯಿಂದ ಉಗುರಿನವರೆಗೆ ಗಾಢ ನೀಲಿಯಾಯಿತು.

ಕಂಟ್ರೋಲ್, ಜೆಡ್. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಮಾಡಿದ್ದನ್ನು ಅಳಿಸುವ ಕೀ ಅದು, ಅವಳ ಪಟ್ಟಿಯ ಮೂರನೆಯ ಸಾಲು, ಪ್ರಪಂಚವೆಲ್ಲ ನೆಚ್ಚಿಕೊಂಡ ಕೀ. ಆ ಆಟ ಮಾಡಿದವರು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬಿಳಿ ಬಣ್ಣ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೆಜ್ಜೆ ಹತ್ತಿರವಾಯಿತು. ಪುಟವನ್ನು ಮತ್ತೆ ಮರೆ ಮಾಡಿ, ನೀರಿನ ಹೂಜಿಯ ಹತ್ತಿರ ಹೋಗಿ ನಿಂತು ಬೇಡದ ನೀರು ಕುಡಿದಳು.

"ತಲೆನೋವಿನ ಮಾತ್ರೆ ಕೊಡ್ಲಾ ಅತ್ತೆ? ಮುಖ ಕೆಂಪಗಾಗಿದೆ."

"ಬೇಡ" ಎಂದಳು. "ಬಿಸಿಲು."

ಮೋಡ ಎಂದು ಬಟ್ಟೆ ತಂದವಳ ತೋಳಿನಲ್ಲಿ ಬಟ್ಟೆಯ ರಾಶಿ ಇತ್ತು.

ಆ ರಾತ್ರಿ ಹೇಗೋ ಕಳೆಯಿತು. ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಾಗ ಆಚೆ ಮಗ ಮತ್ತು ಸೊಸೆಯ ಮಾತು ಕೇಳಿಸಿತು. ನಲ್ಲಿ ನಿಲ್ಲಿಸಿದಳು. ಮಗ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ, ಏಳೂವರೆಗೆ ಹೊರಡುವ ಅವಸರದಲ್ಲಿದ್ದ.

"ನನ್ನ ಕಂಪ್ಯೂಟರ್ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ?"

"ಮತ್ತೆ ಬಾತುಕೋಳಿ ಕಾಲಿಗೆ ನೀಲಿ ಬಣ್ಣ ಬಳಿದಿದ್ದು ಯಾರು?"

"ಯಾವ ಬಾತುಕೋಳಿ?"

"ಗೊತ್ತಿಲ್ದೇ ಇರೋ ಹಾಗೆ ನಾಟಕ ಬೇಡ."

"ಅಲ್ಲ ಮಾರಾಯ್ತಿ, ಬೆಳಗೆದ್ದು ಬಾತುಕೋಳಿ ಕಾಲಿನ ಬಗ್ಗೆ ನಾನು ಏನು ನಾಟಕ ಮಾಡ್ಲಿ? ನಂಗೆ ಕೋಳೀನೂ ಬಾತುಕೋಳೀನೂ ಒಂದೇ. ಅಮ್ಮನ್ನ ಕೇಳು."

"ಅತ್ತೆ ಮುಟ್ಟಿರಲ್ಲ" ಎಂದಳು ಸೊಸೆ. "ಅವರು ಅಂಥವರಲ್ಲ."

ಅವಳು ನಲ್ಲಿಯನ್ನು ಮತ್ತೆ ಜೋರಾಗಿ ತಿರುಗಿಸಿದಳು. ಈಗ ಹೋಗಿ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು, ನಾನೇ ಮುಟ್ಟಿದ್ದು ಎಂದು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಮಗ ಗೊಣಗುತ್ತ ಹೊರಟು ಹೋದ, ಮಾಡದ ತಪ್ಪನ್ನು ಹೊತ್ತುಕೊಂಡು. ಅವನು ಚಿಕ್ಕವನಿದ್ದಾಗ ಸುಳ್ಳು ಹೇಳಿದನೆಂದು ಇಡೀ ಒಂದು ಮಧ್ಯಾಹ್ನ ಮೂಲೆಯಲ್ಲಿ ನಿಲ್ಲಿಸಿದ್ದು ಅವಳಿಗೆ ನೆನಪಾಯಿತು.

ಹೊರಗೆ ಬಂದಾಗ ಸೊಸೆಯ ಕುರ್ಚಿ ಮೇಜಿನ ಆ ಬದಿಗೆ ಹೋಗಿತ್ತು. ಈಗ ಅವಳ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ.

"ಮೊದಲಿದ್ದ ಕಡೆ ಬೆಳಕು ಕಣ್ಣಿಗೆ ಹೊಡೀತಿತ್ತು ಅತ್ತೆ" ಎಂದು ಕೇಳದೆಯೇ ಹೇಳಿದಳು. ಹೊಸ ಜಾಗದಲ್ಲಿ ಕಿಟಕಿಯ ಬಿಸಿಲು ನೇರ ಅವಳ ಮುಖಕ್ಕೇ ಬೀಳುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ತಾನು ಆಡಿದ ಮಾತುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. 'ಮನೇಲೇ ಇರ್ತೀಯಲ್ಲ, ಹೊತ್ತು ಹೇಗೆ ಹೋಗುತ್ತೆ ನಿಂಗೆ?' ಪ್ರೀತಿಯಿಂದಲೇ ಕೇಳಿದ್ದು. 'ನಿನ್ನ ವಯಸ್ಸಲ್ಲಿ ನಂಗೆ ಕೂರೋಕೆ ಪುರುಸೊತ್ತಿರ್ಲಿಲ್ಲ.' ನಗುನಗುತ್ತ ಹೇಳಿದ್ದು. 'ಓ, ಇವತ್ತು ಆರಾಮಾ?' ಅದಂತೂ ಬಾಗಿಲು ದಾಟುವಾಗ ದಿನಾ ಬಾಯಿಗೆ ಬರುತ್ತಿದ್ದ ಮಾತು. ಒಂದರಲ್ಲೂ ಜಗಳವಿರಲಿಲ್ಲ. ಎಲ್ಲವೂ ನಯವಾಗಿ, ಎಣ್ಣೆ ಹಚ್ಚಿದ ಹಾಗಿದ್ದವು.

ಈ ನಯ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಅವಳ ಅತ್ತೆಗೆ ಓದಲು ಬರುತ್ತಿರಲಿಲ್ಲ. ಆದರೂ ಸಂಜೆ ಅವಳು ಕಂಪ್ಯೂಟರಿನ ಮುಂದೆ ಕೂತರೆ ಒಂದು ಮಣೆ ತಂದು ಹಿಂದೆಯೇ ಕೂರುತ್ತಿದ್ದರು. ಬೈಯುತ್ತಿರಲಿಲ್ಲ. 'ಇನ್ನೂ ಮುಗೀಲಿಲ್ವಾ ತಾಯಿ?' ಎನ್ನುತ್ತಿದ್ದರು, ಅಷ್ಟೇ. ಆಗ ಅವಳು ನೋಡುತ್ತಿದ್ದುದು ತಾನು ಎಂದೂ ಹೋಗದ ಊರುಗಳ ಹವಾಮಾನ. ಎಲ್ಲೋ ಹಿಮ, ಎಲ್ಲೋ ಬಿರುಗಾಳಿ. ಅದರಲ್ಲಿ ಮುಚ್ಚಿಡುವಂಥದ್ದು ಏನಿತ್ತು? ಏನೂ ಇಲ್ಲ. ಆದರೂ ಬೆನ್ನು ಸೆಟೆದುಕೊಂಡಿರುತ್ತಿತ್ತು. ಮರೆ ಕೀ ಹುಟ್ಟಿದ್ದು ಆ ಬೆನ್ನಿನಿಂದ. ಆಫೀಸಿನಲ್ಲಿ ಮಾತ್ರ ಬ್ಯಾಂಕಿನ ವಿವರ, ಆಸ್ಪತ್ರೆಯ ವರದಿ, ಹಂಚಿಕೊಂಡು ಬಳಸುವ ಕಂಪ್ಯೂಟರು ಎಂದು ಮೂರು ಕಾರಣ ಕೊಟ್ಟಿದ್ದಳು. ಎಲ್ಲರೂ ಒಪ್ಪಿದ್ದರು. ವಾಪಸ್ ಕೀಯನ್ನೂ ತಾನೇ ಕೇಳಿ ಹಾಕಿಸಿದ್ದಳು. ಅತ್ತೆ ಎದ್ದು ಹೋದ ಮೇಲೆ ಹಿಮ ಬೀಳುವ ಊರು ವಾಪಸ್ ಬೇಕಿತ್ತಲ್ಲ. ಮುಚ್ಚಿಡುವವಳ ಕಡೆಯಿಂದಲೇ ಎಲ್ಲ ಯೋಚಿಸಿದ್ದಳು. ಹಿಂದೆ ಮಣೆ ಹಾಕಿಕೊಂಡು ಕೂತವಳಿಗೂ ಒಂದು ದಿನ ಆ ಕೀ ಗೊತ್ತಿರುತ್ತದೆ, ಆ ಮಣೆಯ ಮೇಲೆ ತಾನೇ ಕೂತಿರುತ್ತೇನೆ ಎಂದು ಹೇಗೆ ಯೋಚಿಸಿಯಾಳು?

ಗುರುವಾರ ಸಂಜೆಯೂ ಅವಳು ಏನೂ ಹೇಳಲಿಲ್ಲ. ಬಾಗಿಲಲ್ಲಿ ಚಪ್ಪಲಿಯನ್ನು ಬೇಕೆಂದೇ ಸದ್ದು ಮಾಡಿ ಬಿಟ್ಟಳು. 'ಓ, ಇವತ್ತು ಆರಾಮಾ' ಬಾಯಿಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಅದನ್ನು ಬಿಟ್ಟರೆ ಸೊಸೆಗೆ ಹೇಳಲು ತನ್ನ ಹತ್ತಿರ ಬೇರೆ ಮಾತೇ ಇಲ್ಲವೆಂದು ಆಗ ಗೊತ್ತಾಯಿತು.

ಶುಕ್ರವಾರದ ಮೀಟಿಂಗಿನಲ್ಲಿ ಅವಳನ್ನು ಬಿಟ್ಟು ಆರು ಜನ ಇದ್ದರು. ಗಡ್ಡ ತನ್ನ ಇನ್ನೂರು ದೂರುಗಳನ್ನು ಗೋಡೆಯ ಮೇಲೆ ತೋರಿಸಿದ. ಪಾಪ, ಕೆಲವು ನಿಜಕ್ಕೂ ಕರುಳು ಹಿಂಡುವಂಥವು. ನಲವತ್ತು ನಿಮಿಷ ಕೂತು ತುಂಬಿದ ಅರ್ಜಿ ಕಳೆದುಕೊಂಡಿದ್ದ ಒಬ್ಬ ನರ್ಸ್ ಇದ್ದಳು.

"ಕೆಳಗೆ ಒಂದು ಸೂಚನೆ ಬಂದ್ರೆ ಇದೆಲ್ಲ ತಪ್ಪುತ್ತೆ" ಎಂದ ಗಡ್ಡ. "ಅಕ್ಕ ಹೂಂ ಅಂತಾರೆ. ಏನಕ್ಕ?"

"ಇಲ್ಲ" ಎಂದಳು ಅವಳು. "ಸೂಚನೆ ಬೇಡ. ವಾಪಸ್ ಕೀನೂ ಬೇಡ. ಎಂಬತ್ತೆಂಟನೇ ಸಾಲು ತೆಗೀಬೇಕು."

ಗಡ್ಡ ಇಲ್ಲದ ಗಡ್ಡವನ್ನು ಕೆರೆದುಕೊಂಡ. "ಅಕ್ಕ, ರೋಗಿ ಔಷಧಿ ಕೇಳಿದ್ರೆ ಮಂಚಾನೇ ಕಿತ್ಕೋತೀರಲ್ಲ."

"ಅರ್ಜಿ ತುಂಬ್ತಿರೋವಾಗ ಒತ್ತಿದ್ರೆ, ಹೋಗ್ಲಾ ಅಂತ ಮೊದಲೇ ಒಂದ್ಸಲ ಕೇಳ್ಲಿ. ಬರೆದದ್ದು ಇದ್ರೆ ಮಾತ್ರ. ಮಿಕ್ಕಿದ್ದು ಮರೆಯಾದ್ರೆ ಆಗ್ಲಿ, ವಾಪಸ್ ಬರ್ಬಾರ್ದು. ವಾಪಸ್ ಕೀ ಬೇಕು ಅನ್ನೋರು ತಾವೇ ಹಾಕ್ಕೊಳ್ಳಿ. ನಾವು ಮೊದಲಿಂದ ಕೊಟ್ಟು ಕಳಿಸೋದು ಬೇಡ."

ಪರೀಕ್ಷಕಿ ಪೆನ್ನು ಕೆಳಗಿಟ್ಟಳು. ಯಾವ ಹೊಸ ಕೆಲಸ ಬಂದರೂ ಅದರಲ್ಲಿ ಲೋಪ ಹುಡುಕಿ ತೋರಿಸುವುದೇ ಅವಳ ಸಂಬಳದ ಕೆಲಸ. ಅವಳ ಪ್ರಶ್ನೆಗೆ ಉತ್ತರವಿಲ್ಲದೆ ಯಾವುದೂ ಹೊರಗೆ ಹೋಗುತ್ತಿರಲಿಲ್ಲ. "ಯಾಕೆ ಬೇಡ ಅಂತ ಕಾರಣ ಬೇಕಲ್ಲ ಅಕ್ಕ. ವಾಪಸ್ ಕೀ ಗೊತ್ತಿರೋದು ಬೆರಳೆಣಿಕೆ ಜನಕ್ಕೆ. ಇನ್ನೊಬ್ಬರು ಮುಚ್ಚಿಟ್ಟದ್ದನ್ನ ಅದ್ರಿಂದ ತೆಗೆದು ನೋಡ್ತಾರೆ ಅಂತ ನಿಮ್ಮ ಭಯ ಇರ್ಬೇಕು. ಹಾಗೆ ಯಾರು ಮಾಡ್ತಾರೆ? ಇಷ್ಟು ವರ್ಷದಲ್ಲಿ ಒಂದು ಉದಾಹರಣೆ ಇದ್ಯಾ?"

ಬ್ಯಾಂಕು ಎನ್ನಬಹುದಿತ್ತು. ಆಸ್ಪತ್ರೆ ಎನ್ನಬಹುದಿತ್ತು. ಹಳೆಯ ಮೂರು ಕಾರಣಗಳೂ ಕೈಗೆಟುಕುವಷ್ಟು ಹತ್ತಿರದಲ್ಲಿ ಸಾಲಾಗಿ ನಿಂತಿದ್ದವು. ಆರು ಜೊತೆ ಕಣ್ಣು ಅವಳ ಮೇಲಿದ್ದವು. ಇವರಲ್ಲಿ ನಾಲ್ಕು ಜನಕ್ಕೆ ಕೆಲಸ ಕಲಿಸಿದವಳು ಅವಳು.

"ಇದೆ" ಎಂದಳು. "ನಾನು."

ಯಾರೋ ನಕ್ಕರು, ತಮಾಷೆಯೆಂದುಕೊಂಡು.

"ಬುಧವಾರ ನನ್ನ ಸೊಸೆ ಮರೆ ಮಾಡಿದ್ದನ್ನ ತೆಗೆದು ನೋಡಿದೆ. ಅವಳು ಬಟ್ಟೆ ತರೋಕೆ ಹೋಗಿದ್ಲು." ದನಿ ಸಣ್ಣದಾಯಿತು. ಮೇಜಿನ ಮೇಲಿದ್ದ ಪಟ್ಟಿಯನ್ನು ನೋಡುತ್ತ ಮುಂದುವರಿಸಿದಳು. "ಅದರಲ್ಲಿ ಏನೂ ಇರ್ಲಿಲ್ಲ. ಇದ್ದಿದ್ರೆ ಅದು ನನಗೆ ಸಂಬಂಧಪಟ್ಟದ್ದೂ ಅಲ್ಲ. ಕೀ ಗೊತ್ತಿತ್ತು, ಒತ್ತಿದೆ. ಗೊತ್ತಿಲ್ದೇ ಇದ್ದಿದ್ರೆ ನಿಂತು ನೋಡಿ ಹೋಗ್ತಿದ್ದೆ. ಗಡ್ಡ ಹೇಳೋ ಸೂಚನೆ ಬಂದ್ರೆ ಅದು ಎಲ್ಲರಿಗೂ ಗೊತ್ತಾಗುತ್ತೆ. ನನ್ನಂಥವರು ಪ್ರತಿ ಮನೇಲೂ ಒಬ್ಬರು ಇರ್ತಾರೆ."

ಫ್ಯಾನಿನ ಗಾಳಿಗೆ ಕಾಗದದ ಅಂಚು ಎದ್ದೆದ್ದು ಬೀಳುತ್ತಿತ್ತು. ಪರೀಕ್ಷಕಿ ಅವಳ ಮುಖ ನೋಡದೆ ಏನೋ ಬರೆದುಕೊಂಡಳು. ಕೊನೆಗೆ ಗಡ್ಡ ಗಂಟಲು ಸರಿಮಾಡಿಕೊಂಡು, "ಅರ್ಜಿಗೆ ಮಾತ್ರ ಮೊದಲೇ ಕೇಳೋದು ಅಂದ್ರೆ, ನರ್ಸಮ್ಮನ ಕಷ್ಟ ತಪ್ಪುತ್ತೆ" ಎಂದ. ಮುಂದಿನ ಆವೃತ್ತಿಯಿಂದ ಎಂಬತ್ತೆಂಟನೆಯ ಸಾಲು ಇಲ್ಲವೆಂದಾಯಿತು. ಮೀಟಿಂಗ್ ಮುಗಿದ ಮೇಲೆ ಯಾರೂ ಅವಳನ್ನು ಚಹಾಕ್ಕೆ ಕರೆಯಲಿಲ್ಲ. ಕೋಪಕ್ಕಲ್ಲ, ಏನು ಮಾತಾಡಬೇಕೆಂದು ಅವರಿಗೆ ತೋಚಲಿಲ್ಲ. ಅವಳಿಗೂ ಅದೇ ವಾಸಿ ಅನ್ನಿಸಿತು. ಹೊರಗಿನವರ ಮುಂದೆ ಹೇಳಿ ಬಂದದ್ದನ್ನು ಹೇಳಬೇಕಾದವಳಿಗೆ ಇನ್ನೂ ಹೇಳಿರಲಿಲ್ಲ. ಅದು ಇನ್ನೊಂದು ನಾಚಿಕೆ.

ಮನೆ ಮುಟ್ಟಿದಾಗ ಸೊಸೆ ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡುತ್ತಿದ್ದಳು. ಅವಳು ಚೀಲವನ್ನೂ ಕೆಳಗಿಡದೆ ಮೇಜಿನ ಎದುರು ನಿಂತಳು. ಕೂತರೆ ಹೇಳಲಾಗುವುದಿಲ್ಲ ಎಂದು ಹೆದರಿಕೆ.

"ಆ ಬಾತುಕೋಳಿ ಕಾಲು. ನಾನೇ."

ಸೊಸೆ ತಿದ್ದುತ್ತಿದ್ದ ಸಾಲನ್ನು ಮುಗಿಸಿದಳು.

"ಗೊತ್ತಿತ್ತು ಅತ್ತೆ."

"ಗೊತ್ತಿತ್ತಾ? ನಾನು ಅಂಥವಳಲ್ಲ ಅಂತ ಅವನ ಹತ್ರ ಹೇಳಿದ್ಯಲ್ಲ."

"ಅಡುಗೆಮನೇಲಿ ನಲ್ಲಿ ಸದ್ದು ನಿಂತಿತ್ತು. ನೀವು ಕೇಳಿಸ್ಕೊಳ್ತಿದ್ರಿ. ಅದಕ್ಕೇ ಹಾಗಂದೆ." ಸ್ವಲ್ಪ ತಡೆದು, "ಇವರಿಗೆ ಪಾಪ, ಆಮೇಲೆ ಹೇಳ್ದೆ. ಇವರು ಇನ್ನೂ ಯಾವ ಬಾತುಕೋಳಿ ಅಂತಾನೇ ಕೇಳ್ತಿದ್ದಾರೆ" ಎಂದಳು. ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. ಅದು ಅತ್ತೆಗಾಗಿ ಬಂದ ನಗುವಲ್ಲ.

"ತಪ್ಪಾಯ್ತು" ಎಂದಳು ಅವಳು. ಸೊಸೆಯ ಮುಂದೆ ಆ ಶಬ್ದ ಬಾಯಿಂದ ಹೊರಟದ್ದು ಇದೇ ಮೊದಲು. "ಕುರ್ಚಿ ಮೊದಲಿದ್ದ ಕಡೆಗೇ ಹಾಕ್ಕೋ. ಕಣ್ಣು ಹಾಳಾಗುತ್ತೆ."

"ಇರ್ಲಿ ಅತ್ತೆ, ರೂಢಿ ಆಗಿದೆ."

"ಇನ್ನು ನಾನು ನೋಡಲ್ಲ."

"ಗೊತ್ತು."

ಆ 'ಗೊತ್ತು' ಹಿಂದಿನ 'ಗೊತ್ತಿತ್ತು'ವಿನಷ್ಟು ಗಟ್ಟಿಯಾಗಿರಲಿಲ್ಲ.

ಭಾನುವಾರ ಕುರ್ಚಿ ಹಳೆಯ ಜಾಗಕ್ಕೆ ಬಂತು. ಸೊಸೆಯೇ ತಂದಳೋ, ಮಗ ಎಳೆದನೋ ಅವಳು ಕೇಳಲಿಲ್ಲ. ಸೋಮವಾರ ಸಂಜೆ ಚಪ್ಪಲಿ ಸದ್ದು ಮಾಡಿ ಬಿಟ್ಟು, ಬಾಗಿಲಲ್ಲಿ ಒಮ್ಮೆ ಕೆಮ್ಮಿ, ಒಳಗೆ ಬಂದಳು. ಪರದೆಯ ಮೇಲೆ ಬಾತುಕೋಳಿ ಹೋಗಿ ಒಂದು ದೋಣಿ ಬಂದಿತ್ತು, ಅರ್ಧ ಕೆಂಪು. ಅದು ಅವಳಿಗೆ ಕಂಡಿತು. ಕಾಣಲಿ ಎಂದು ಸೊಸೆ ಬಿಟ್ಟಿದ್ದಳೋ ಏನೋ.

ಆದರೆ ಸೊಸೆಯ ಎಡಗೈ ಕೇಳಲಿಲ್ಲ. ತಾನಾಗಿ ಮುದುಡಿತು. ಮೂರೂ ಬೆರಳು ಮೂರು ಕೀಗಳ ಮೇಲೆ ಹೋಗಿ ಒಂದು ಕ್ಷಣ ಹಾಗೇ ನಿಂತವು. ಸೊಸೆಗೂ ಅದು ಗೊತ್ತಾಗಿ ಅವಳ ಕತ್ತು ಕೆಂಪಾಯಿತು. ಆಮೇಲೆ ಕೈ ಒತ್ತಿಯೇ ಬಿಟ್ಟಿತು. ದೋಣಿ ಮಾಯವಾಗಿ ಗಣಿತದ ಕರಡು ಬಂತು.

"ಅಭ್ಯಾಸ ಅತ್ತೆ" ಎಂದಳು ಸೊಸೆ, ತಿರುಗಿ ನೋಡದೆ.

"ಇರ್ಲಿ" ಎಂದಳು ಅವಳು.

ಎರಡು ವರ್ಷ ಹಿಡಿಯುತ್ತದೆ ಎಂದು ಎಷ್ಟು ಜನಕ್ಕೆ ಹೇಳಿದ್ದಳೋ. ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಅದು ಕುದಿದ ಮೇಲೂ, ದೋಣಿಯ ಇನ್ನರ್ಧ ಮುಗಿಯಲು ಬೇಕಾಗುವಷ್ಟು ಹೊತ್ತು, ಬಾಗಿಲಿಗೆ ಬೆನ್ನು ಮಾಡಿ ಅಲ್ಲೇ ನಿಂತಿದ್ದಳು.